ತಂತಿಗೆ ಯಜಮಾನನಿಲ್ಲ: ಈಥರ್ನೆಟ್ ಹುಟ್ಟಿದ ಬಗೆ

(ಇಂಜಿನಿಯರಿಂಗ್ ಓದುತ್ತಿರುವವರು ಮತ್ತು ಇತರ ಆಸಕ್ತರ ಎದುರು ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೆಟ್‌ವರ್ಕ್ ಅಂದ ತಕ್ಷಣ ಇವತ್ತು ನಮಗೆ ನೆನಪಾಗುವುದು ಇಂಟರ್ನೆಟ್, ಸಮುದ್ರದಡಿಯ ಕೇಬಲ್, ಸ್ಯಾಟಲೈಟ್. ನಾನು ಮಾತಾಡಬೇಕೆಂದಿರುವುದು ತುಂಬಾ ಸಣ್ಣ ದೂರದ ಬಗ್ಗೆ. ಒಂದೇ ಕಟ್ಟಡದಲ್ಲಿ, ಈ ಕೋಣೆಯ ಕಂಪ್ಯೂಟರಿನಿಂದ ಆಚೆ ಕೋಣೆಯ ಕಂಪ್ಯೂಟರಿಗೆ ಡೇಟಾ ಒಯ್ಯುವ ಈಥರ್ನೆಟ್ ಬಗ್ಗೆ. ಅಮೆರಿಕದಲ್ಲಿ ದೂರದೂರದ ಕಂಪ್ಯೂಟರ್‌ಗಳನ್ನು ಬೆಸೆದ ಆರ್ಪಾನೆಟ್ ಎಂಬ ನೆಟ್‌ವರ್ಕ್ 1969ರಲ್ಲೇ ಶುರುವಾಗಿತ್ತು. ಕ್ಯಾಲಿಫೋರ್ನಿಯಾದಿಂದ ದೇಶದ ಇನ್ನೊಂದು ತುದಿಗೆ ಡೇಟಾ ಹೋಗುತ್ತಿತ್ತು. ಆದರೆ ಪಕ್ಕದ ಕೋಣೆಗೆ ಡೇಟಾ ಕಳಿಸಲು ಅಗ್ಗದ, ವೇಗದ ದಾರಿ ಇರಲಿಲ್ಲ. ಯಾಕೆ? ಅದರ ಅಗತ್ಯವೇ ಬಿದ್ದಿರಲಿಲ್ಲ. ಒಂದು ಕಟ್ಟಡಕ್ಕೆ ಒಂದು ದೊಡ್ಡ ಕಂಪ್ಯೂಟರ್. ಉಳಿದವರ ಮೇಜಿನ ಮೇಲೆ ಬರೀ ಟರ್ಮಿನಲ್, ಅಂದರೆ ಆ ಕಂಪ್ಯೂಟರ್ ಬಳಸಲು ಬೇಕಾದ ಕೀಲಿಮಣೆಯಂಥ ಸಾಧನ. ಮಾತಾಡಿಕೊಳ್ಳಲು ಎರಡನೇ ಯಂತ್ರವಾದರೂ ಇರಬೇಕಲ್ಲ!

ಈ ಸ್ಥಿತಿ ಬದಲಾದದ್ದು ಪಾಲೊ ಆಲ್ಟೊ ಊರಿನಲ್ಲಿ. ಝೆರಾಕ್ಸ್ ಕಂಪನಿ 1970ರಲ್ಲಿ ಅಲ್ಲಿ ಒಂದು ಸಂಶೋಧನಾ ಕೇಂದ್ರ ತೆರೆಯಿತು. ಅದರ ಹೆಸರು ಪಾರ್ಕ್. ಅಲ್ಲಿ ಚಕ್ ಥ್ಯಾಕರ್, ಬಟ್ಲರ್ ಲ್ಯಾಂಪ್ಸನ್ ಮತ್ತು ಅವರ ಜೊತೆಗಾರರು ಆಲ್ಟೊ ಎಂಬ ಕಂಪ್ಯೂಟರ್ ಕಟ್ಟುತ್ತಿದ್ದರು. ಒಬ್ಬರಿಗೆ ಒಂದು ಯಂತ್ರ ಅನ್ನುವುದು ಅವರ ಆಸೆ. ಅದೇ ಕೇಂದ್ರದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಎಂಬವರು ಝೆರಾಕ್ಸ್ ಕಾಪಿಯರ್ ಒಂದನ್ನು ಬಿಚ್ಚಿ, ಅದಕ್ಕೆ ಲೇಸರ್ ಜೋಡಿಸಿ, ಸೆಕೆಂಡಿಗೆ ಒಂದು ಪುಟ ಮುದ್ರಿಸುವ ಪ್ರಿಂಟರ್ ಮಾಡಿದ್ದರು. ಒಂದು ಇಂಚಿಗೆ 500 ಚುಕ್ಕಿ.

ಒಂದು ಲೆಕ್ಕ ಹಾಕೋಣ. ಅಲ್ಲಿನ ಕಾಗದದ ಅಳತೆ ಎಂಟೂವರೆ ಇಂಚು ಅಗಲ, 11 ಇಂಚು ಉದ್ದ. ಇಂಚಿಗೆ 500 ಚುಕ್ಕಿಯಂತೆ ಇಡೀ ಪುಟಕ್ಕೆ ಸುಮಾರು 2 ಕೋಟಿ 34 ಲಕ್ಷ ಚುಕ್ಕಿ. ಒಂದು ಚುಕ್ಕಿಗೆ ಒಂದು ಬಿಟ್. ಆ ಕಾಲಕ್ಕೆ ಸೆಕೆಂಡಿಗೆ 9600 ಬಿಟ್ ಅಂದರೆ ಒಳ್ಳೆಯ ಟರ್ಮಿನಲ್ ಲೈನ್. ಅದರಲ್ಲಿ ಈ ಪುಟವನ್ನು ಚುಕ್ಕಿ ಚುಕ್ಕಿಯಾಗಿ ಕಳಿಸಿದರೆ 40 ನಿಮಿಷ ಬೇಕು. ಒಂದೇ ಪುಟಕ್ಕೆ! ಪ್ರಿಂಟರ್ ಒಂದು ಸೆಕೆಂಡಿನಲ್ಲಿ ಮುಗಿಸುವ ಕೆಲಸಕ್ಕೆ ತಂತಿ 40 ನಿಮಿಷ ಕಾಯಿಸುತ್ತದೆ. ಪ್ರತಿ ಮೇಜಿಗೂ ಒಂದು ಪ್ರಿಂಟರ್ ಇಡುವ ಮಾತಂತೂ ಆಗ ಇಲ್ಲವೇ ಇಲ್ಲ. ಅಂದರೆ ನೂರಾರು ಆಲ್ಟೊಗಳು, ಹಂಚಿಕೊಳ್ಳಲು ಒಂದು ಪ್ರಿಂಟರ್, ನಡುವೆ ಜೋರಾದ ಒಂದು ತಂತಿ. ಇದು ಪಾರ್ಕ್‌ನವರ ಮುಂದೆ ಇದ್ದ ನಿಜವಾದ ಕೆಲಸ. ದೊಡ್ಡ ಸಿದ್ಧಾಂತದಿಂದ ಶುರುವಾದದ್ದಲ್ಲ, ಪ್ರಿಂಟರಿನಿಂದ ಶುರುವಾದದ್ದು. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದ್ರೆ ಮುಂದಿನ ಎಷ್ಟೋ ತೀರ್ಮಾನಗಳು ಇದರಿಂದಲೇ ಬಂದವು.

ಈ ಕೆಲಸ ಬಿದ್ದದ್ದು ಬಾಬ್ ಮೆಟ್‌ಕಾಫ್ ಹೆಗಲಿಗೆ. ಆಗ ಅವರಿಗೆ ಇಪ್ಪತ್ತಾರು ಇಪ್ಪತ್ತೇಳು ವಯಸ್ಸು. ಎಂಐಟಿಯಲ್ಲಿ ಓದಿ, ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಆರ್ಪಾನೆಟ್ ಬಗ್ಗೆ ಅವರು ಬರೆದ ಪ್ರಬಂಧವನ್ನು ಹಾರ್ವರ್ಡ್ 1972ರಲ್ಲಿ ಒಪ್ಪಲಿಲ್ಲ. ಸಿದ್ಧಾಂತ ಸಾಲದು ಅಂದರು. ಕೆಲಸ ಆಗಲೇ ಸಿಕ್ಕಿತ್ತು. ಪಾರ್ಕ್‌ನವರು ಬನ್ನಿ, ಪ್ರಬಂಧ ಇಲ್ಲೇ ಮುಗಿಸಿ ಅಂದರು.

ಅದೇ ವರ್ಷ ಮೆಟ್‌ಕಾಫ್ ವಾಷಿಂಗ್ಟನ್‌ಗೆ ಹೋಗಿದ್ದಾಗ ಗೆಳೆಯ ಸ್ಟೀವ್ ಕ್ರಾಕರ್ ಮನೆಯಲ್ಲಿ ಉಳಿದುಕೊಂಡರು. ರಾತ್ರಿ ನಿದ್ದೆ ಬರಲಿಲ್ಲ. ಕೈಗೆ ಸಿಕ್ಕ ಸಮ್ಮೇಳನದ ಸಂಪುಟವೊಂದನ್ನು ತಿರುವಿಹಾಕಿದರು. ಅದರಲ್ಲಿ ನಾರ್ಮನ್ ಅಬ್ರಾಮ್ಸನ್ 1970ರಲ್ಲಿ ಮಂಡಿಸಿದ ಪ್ರಬಂಧ ಇತ್ತು. ವಿಷಯ, ಹವಾಯಿ ವಿಶ್ವವಿದ್ಯಾಲಯದ ಅಲೋಹಾನೆಟ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹವಾಯಿ ಅಂದರೆ ದ್ವೀಪಗಳು. ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರ್ ಒವಾಹು ದ್ವೀಪದಲ್ಲಿ. ಬೇರೆ ದ್ವೀಪಗಳ ಕ್ಯಾಂಪಸ್‌ಗಳಿಂದ ಅದನ್ನು ಬಳಸಬೇಕು. ಟೆಲಿಫೋನ್ ಲೈನ್ ನಂಬುವ ಹಾಗಿರಲಿಲ್ಲ. ಹಾಗಾಗಿ ರೇಡಿಯೊ. 1971ರ ಜೂನ್‌ನಲ್ಲಿ ಅದು ಕೆಲಸ ಶುರು ಮಾಡಿತು. ಎಲ್ಲ ಟರ್ಮಿನಲ್‌ಗಳಿಗೂ ಸೇರಿ ಕಳಿಸಲು ಒಂದೇ ಚಾನೆಲ್. ಯಾರು ಯಾವಾಗ ಮಾತಾಡಬೇಕು ಅಂತ ಸರದಿ ಹಂಚುವವರು ಯಾರೂ ಇಲ್ಲ. ಕಳಿಸಬೇಕು ಅನ್ನಿಸಿದಾಗ ಕಳಿಸುವುದು, ಅಷ್ಟೇ. ಒವಾಹುವಿನಿಂದ 'ತಲುಪಿತು' ಅನ್ನುವ ಉತ್ತರ ಬಂದರೆ ಸರಿ. ಬರದಿದ್ದರೆ ಇನ್ಯಾರದೋ ಪ್ಯಾಕೆಟ್, ಅಂದರೆ ಡೇಟಾದ ಕಟ್ಟಿನ ಜೊತೆ ಡಿಕ್ಕಿಯಾಗಿ ಹಾಳಾಗಿದೆ ಅಂತ ಅರ್ಥ. ಯಾದೃಚ್ಛಿಕವಾಗಿ, ಅಂದರೆ ಮೊದಲೇ ಗೊತ್ತುಮಾಡದೆ ಒಂದಿಷ್ಟು ಹೊತ್ತು ಕಾದು, ಮತ್ತೆ ಕಳಿಸುವುದು.

ಇದರ ಒಂದು ತೊಂದರೆ ಅಬ್ರಾಮ್ಸನ್ ಅವರ ಗಣಿತದಲ್ಲೇ ಇತ್ತು. ಹೀಗೆ ಸುಮ್ನೆ ಕಳಿಸುತ್ತಾ ಹೋದರೆ ಚಾನೆಲ್ಲಿನ ಶಕ್ತಿಯಲ್ಲಿ ಹೆಚ್ಚೆಂದರೆ ಶೇ. 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ. ಉಳಿದದ್ದು ಡಿಕ್ಕಿ, ಖಾಲಿ ಹೊತ್ತು. ಇದನ್ನು ಓದಿ ಮೆಟ್‌ಕಾಫ್‌ಗೆ ಒಂದು ವಿಷಯ ಇಷ್ಟವಾಗಲಿಲ್ಲ. ಉತ್ತರ ಬರಲಿ ಬಿಡಲಿ, ಜನ ಕಳಿಸುತ್ತಲೇ ಇರುತ್ತಾರೆ ಅಂತ ಆ ಲೆಕ್ಕ ಹೇಳುತ್ತಿತ್ತು. ನಿಜವಾದ ಜನ ಹಾಗೆ ಮಾಡುವುದಿಲ್ಲ, ಅಲ್ವಾ? ಉತ್ತರ ಬರುವವರೆಗೆ ಕಾಯುತ್ತಾರೆ. ಅವರು ಲೆಕ್ಕವನ್ನು ಬೇರೆ ರೀತಿ ಮಾಡಿದರು. ಡಿಕ್ಕಿ ಜಾಸ್ತಿಯಾದಂತೆ ಪ್ರತಿಯೊಬ್ಬರೂ ತಾವಾಗಿಯೇ ಕಾಯುವ ಹೊತ್ತನ್ನು ಹೆಚ್ಚಿಸಿಕೊಂಡರೆ ಇಡೀ ವ್ಯವಸ್ಥೆ ಕುಸಿಯದೆ ನಿಲ್ಲುತ್ತದೆ ಅಂತ ಅವರಿಗೆ ಕಂಡಿತು. ಈ ಭಾಗ ಪ್ರಬಂಧಕ್ಕೆ ಸೇರಿತು, 1973ರಲ್ಲಿ ಹಾರ್ವರ್ಡ್ ಡಾಕ್ಟರೇಟ್ ಕೊಟ್ಟಿತು.

1973ರ ಮೇ 22. ಮೆಟ್‌ಕಾಫ್ ಪಾರ್ಕ್‌ನ ಸಹೋದ್ಯೋಗಿಗಳಿಗೆ ಒಂದು ಟಿಪ್ಪಣಿ ಟೈಪ್ ಮಾಡಿ ಕಳಿಸಿದರು. ಅಲ್ಲಿಯವರೆಗೆ 'ಆಲ್ಟೊ ಅಲೋಹಾ ನೆಟ್‌ವರ್ಕ್' ಅನ್ನುತ್ತಿದ್ದದ್ದನ್ನು ಅದರಲ್ಲಿ 'ಈಥರ್ ನೆಟ್‌ವರ್ಕ್' ಅಂದರು. ಬೆಳಕು ಹರಿಯಲು ಎಲ್ಲೆಡೆ ತುಂಬಿಕೊಂಡ ಈಥರ್ ಎಂಬ ಮಾಧ್ಯಮ ಇದೆ ಅಂತ 19ನೇ ಶತಮಾನದ ಭೌತವಿಜ್ಞಾನಿಗಳು ನಂಬಿದ್ದರು. ಅದು ಪತ್ತೆಯಾಗುವುದಿಲ್ಲ ಎಂದು 1887ರ ಮೈಕಲ್ಸನ್-ಮಾರ್ಲೆ ಪ್ರಯೋಗ ತೋರಿಸಿತು. ಬಳಕೆ ತಪ್ಪಿದ ಆ ಹೆಸರು ಇಲ್ಲಿ ಮತ್ತೆ ಕೆಲಸಕ್ಕೆ ಬಂತು. ಮಾಧ್ಯಮ ತಂತಿಯೇ ಆಗಬೇಕೆಂದಿಲ್ಲ, ರೇಡಿಯೊ ಆಗಬಹುದು, ಟೆಲಿಫೋನ್ ಲೈನ್ ಆಗಬಹುದು ಅನ್ನುವುದು ಆ ಟಿಪ್ಪಣಿಯಲ್ಲೇ ಇದೆ. ಎಷ್ಟು ದೂರ ನೋಡಿದ್ದರು ನೋಡಿ!

ಕಾಗದದ ಮೇಲೆ ಇದ್ದದ್ದನ್ನು ಯಂತ್ರವಾಗಿ ಮಾಡಿದವರಲ್ಲಿ ಇನ್ನೊಬ್ಬರನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಡೇವಿಡ್ ಬಾಗ್ಸ್. ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿ, ಹ್ಯಾಮ್ ರೇಡಿಯೊ ಹುಚ್ಚು ಹತ್ತಿದ್ದವರು. ಕೇಂದ್ರದ ನೆಲಮಾಳಿಗೆಯಲ್ಲಿ ಮೆಟ್‌ಕಾಫ್ ಕೇಬಲ್ ಸುರುಳಿ ಇಟ್ಟುಕೊಂಡು ಒದ್ದಾಡುತ್ತಿದ್ದಾಗ ಬಾಗ್ಸ್ ನೆರವಿಗೆ ಬಂದರು. ತಂತಿಯಲ್ಲಿ ಸಂಕೇತ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ ಅನ್ನುವುದು ಅವರಿಗೆ ಕೈಯಲ್ಲೇ ಗೊತ್ತಿತ್ತು. ಇಬ್ಬರೂ ಸೇರಿ ಹಾರ್ಡ್‌ವೇರ್ ಕಟ್ಟಿದರು. ನವೆಂಬರ್ 11, 1973ರಂದು ಈಥರ್ನೆಟ್ ಮೊದಲ ಬಾರಿ ಕೆಲಸ ಮಾಡಿತು. ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಈ ವಿಚಿತ್ರ ಅಂಕೆ ಎಲ್ಲಿಂದ ಬಂತು? ಆಲ್ಟೊದ ಗಡಿಯಾರದ ಒಂದು ಬಡಿತ 170 ನ್ಯಾನೊಸೆಕೆಂಡ್. ಎರಡು ಬಡಿತಕ್ಕೆ ಒಂದು ಬಿಟ್ ಅಂದರೆ 2.94. ಬೇರೆ ಗಡಿಯಾರ ಹಾಕುವ ಖರ್ಚು ಉಳಿಯಿತು. ಈ ವೇಗದಲ್ಲಿ ನಾವು ಆಗ ಲೆಕ್ಕ ಹಾಕಿದ ಪುಟ 8 ಸೆಕೆಂಡಿನಲ್ಲಿ ಹೋಗುತ್ತದೆ.

ಈಗ ಅದು ಹೇಗೆ ಕೆಲಸ ಮಾಡುತ್ತದೆ ನೋಡೋಣ. ನನಗೆ ಅತಿ ಪ್ರಿಯವಾದ ಭಾಗ ಇದು.

ಜಗಲಿಯ ಮೇಲೆ ನಾಲ್ಕು ಜನ ಕೂತು ಮಾತಾಡುತ್ತಾರೆ. ಅಲ್ಲಿ ಅಧ್ಯಕ್ಷರಿಲ್ಲ. ಒಬ್ಬರು ಮಾತಾಡುವಾಗ ಉಳಿದವರು ಕೇಳುತ್ತಾರೆ. ಇಬ್ಬರು ಒಟ್ಟಿಗೇ ಬಾಯಿ ತೆರೆದರೆ ಇಬ್ಬರೂ ನಿಲ್ಲಿಸುತ್ತಾರೆ, ಯಾರೋ ಒಬ್ಬರು ಮೊದಲು ಶುರು ಮಾಡುತ್ತಾರೆ. ಈಥರ್ನೆಟ್‌ನಲ್ಲೂ ಕಳಿಸುವ ಮೊದಲು ಕಂಪ್ಯೂಟರ್ ತಂತಿಯನ್ನು ಆಲಿಸುತ್ತದೆ. ಖಾಲಿ ಇದ್ದರೆ ಕಳಿಸುತ್ತದೆ. ಕಳಿಸುತ್ತಿರುವಾಗಲೂ ಆಲಿಸುತ್ತದೆ. ತಾನು ಹಾಕಿದ್ದಕ್ಕೂ ತಂತಿಯಲ್ಲಿ ಇರುವುದಕ್ಕೂ ತಾಳೆಯಾಗದಿದ್ದರೆ ಡಿಕ್ಕಿ. ತಕ್ಷಣ ನಿಲ್ಲಿಸುತ್ತದೆ. ಅಲೋಹಾದಲ್ಲಿ ಈ ಎರಡೂ ಇರಲಿಲ್ಲ.

ನಿಂತ ಮೇಲೆ ಎಷ್ಟು ಹೊತ್ತು ಕಾಯಬೇಕು? ಇಬ್ಬರೂ ಒಂದೇ ಹೊತ್ತು ಕಾದರೆ ಮತ್ತೆ ಡಿಕ್ಕಿ. ಹಾಗಾಗಿ ಚೀಟಿ ಎತ್ತಿದಂತೆ ಒಂದು ಅಂಕೆ ಆರಿಸಿಕೊಂಡು, ಅಂಕೆ ದೊಡ್ಡದಾದಷ್ಟೂ ಹೆಚ್ಚು ಹೊತ್ತು ಕಾಯುತ್ತವೆ. ಮುಂದೆ ಗಟ್ಟಿಯಾದ ನಿಯಮ ಹೀಗಿದೆ: ಮೊದಲ ಡಿಕ್ಕಿಯ ನಂತರ 0 ಅಥವಾ 1. ಎರಡನೆಯದರ ನಂತರ 0ಯಿಂದ 3ರೊಳಗೆ. ಮೂರನೆಯದಕ್ಕೆ 0ಯಿಂದ 7ರೊಳಗೆ. ಪ್ರತಿ ಸಲ ವ್ಯಾಪ್ತಿ ದುಪ್ಪಟ್ಟು, 1023ರವರೆಗೆ. 16 ಸಲ ಪ್ರಯತ್ನಿಸಿಯೂ ಆಗದಿದ್ದರೆ ಕೈಬಿಡುವುದು. ತಂತಿ ಎಷ್ಟು ಬಿಡುವಿಲ್ಲದೆ ಇದೆ ಅಂತ ಯಾರೂ ಯಾರಿಗೂ ಹೇಳಬೇಕಾಗಿಲ್ಲ. ತನಗಾದ ಡಿಕ್ಕಿಗಳಿಂದಲೇ ಪ್ರತಿ ಯಂತ್ರಕ್ಕೂ ಅದು ತಿಳಿಯುತ್ತದೆ.

ಇದರಲ್ಲೊಂದು ಸೂಕ್ಷ್ಮ ಇದೆ. ತಂತಿಯ ಈ ತುದಿಯಲ್ಲಿರುವ ಯಂತ್ರ ಕಳಿಸಲು ಶುರು ಮಾಡಿತು ಅನ್ನಿ. ಆ ಸಂಕೇತ ಇನ್ನೇನು ಆ ತುದಿ ಮುಟ್ಟಬೇಕು, ಅಷ್ಟರಲ್ಲಿ ಅಲ್ಲಿನ ಯಂತ್ರ 'ತಂತಿ ಖಾಲಿ ಇದೆ' ಅಂದುಕೊಂಡು ತಾನೂ ಶುರು ಮಾಡಿತು. ಡಿಕ್ಕಿ ಆದದ್ದು ಆ ತುದಿಯಲ್ಲಿ. ಅದರ ಸುದ್ದಿ ಈ ತುದಿಗೆ ಬರಬೇಕಾದರೆ ಮತ್ತೆ ಇಡೀ ತಂತಿ ದಾಟಬೇಕು. ಅಷ್ಟರೊಳಗೆ ಮೊದಲ ಯಂತ್ರ ಕಳಿಸಿ ಮುಗಿಸಿಬಿಟ್ಟಿದ್ದರೆ? ಸರಿಯಾಗಿ ತಲುಪಿತು ಅಂತ ತಪ್ಪು ತಿಳಿಯುತ್ತದೆ. ಆದ್ದರಿಂದ ಹೋಗಿ ಬರುವಷ್ಟು ಹೊತ್ತು ಅದು ಮಾತಾಡುತ್ತಲೇ ಇರಬೇಕು. 10 ಮೆಗಾಬಿಟ್ ಈಥರ್ನೆಟ್‌ನಲ್ಲಿ, ಎರಡು ಯಂತ್ರಗಳ ನಡುವೆ ಎರಡೂವರೆ ಕಿಲೋಮೀಟರ್ ತನಕದ ದೂರಕ್ಕೆ ಮತ್ತು ನಡುವೆ ಸಂಕೇತಕ್ಕೆ ಮತ್ತೆ ಬಲ ತುಂಬುವ ರಿಪೀಟರ್‌ಗಳಿಗೆ ಸೇರಿಸಿ ಇದನ್ನು 51.2 ಮೈಕ್ರೊಸೆಕೆಂಡ್ ಅಂತ ಇಟ್ಟರು. ಅಷ್ಟು ಹೊತ್ತಿನಲ್ಲಿ 512 ಬಿಟ್, ಅಂದರೆ 64 ಬೈಟ್ ಹೋಗುತ್ತದೆ. ಈಥರ್ನೆಟ್ ಫ್ರೇಮ್, ಅಂದರೆ ಒಂದು ಸಲಕ್ಕೆ ಕಳಿಸುವ ಡೇಟಾದ ಕಟ್ಟು, 64 ಬೈಟ್‌ಗಿಂತ ಚಿಕ್ಕದಿರಬಾರದು ಅಂತ ನೀವು ಪಾಠದಲ್ಲಿ ಬಾಯಿಪಾಠ ಮಾಡಿದ್ದೀರಲ್ಲ, ಅದು ಬಂದದ್ದು ಹೀಗೆ. ಹೇಳಬೇಕಾದ್ದು ಒಂದೇ ಅಕ್ಷರವಾದರೂ ಉಳಿದ ಜಾಗಕ್ಕೆ ಏನಾದರೂ ತುಂಬಿ ಕಳಿಸಬೇಕು.

ಈ ವ್ಯವಸ್ಥೆಯಲ್ಲಿ ತಂತಿ ಏನು ಮಾಡುತ್ತದೆ? ಏನೂ ಇಲ್ಲ. ಅದರಲ್ಲಿ ಬುದ್ಧಿ ಇಲ್ಲ, ನಡುವೆ ಪೆಟ್ಟಿಗೆ ಇಲ್ಲ, ಯಜಮಾನ ಇಲ್ಲ. ಕೆಟ್ಟರೆ ಎಲ್ಲವೂ ನಿಲ್ಲುವಂಥ ಮುಖ್ಯ ಯಂತ್ರ ಇಲ್ಲ. ಎಲ್ಲ ಜವಾಬ್ದಾರಿ ತುದಿಗಳಲ್ಲಿ ಕೂತ ಕಂಪ್ಯೂಟರ್‌ಗಳದ್ದು. ಪ್ಯಾಕೆಟ್ ಖಂಡಿತ ತಲುಪಿಸುತ್ತೇನೆ ಅಂತ ಈಥರ್ನೆಟ್ ಮಾತು ಕೊಡುವುದೇ ಇಲ್ಲ. ಕಳೆದುಹೋದರೆ ಮತ್ತೆ ಕಳಿಸುವುದು ಮೇಲಿನ ಸಾಫ್ಟ್‌ವೇರ್‌ನ ಕೆಲಸ. ನನ್ನ ಪ್ರಕಾರ ಈಥರ್ನೆಟ್‌ನ ದೊಡ್ಡತನ ಇರುವುದು ಇಲ್ಲೇ. ತಪ್ಪೇ ಆಗದಂತೆ ನೋಡಿಕೊಳ್ಳಲು ಹೊರಟಿದ್ದರೆ ದುಬಾರಿ ಯಂತ್ರ ಬೇಕಾಗುತ್ತಿತ್ತು. ತಪ್ಪು ಆಗಲಿ, ಬೇಗ ಗೊತ್ತಾಗಲಿ, ಬೇಗ ಸರಿಯಾಗಲಿ ಅಂದಿದ್ದರಿಂದ ಅಗ್ಗವಾಯಿತು.

ಮೆಟ್‌ಕಾಫ್ ಮತ್ತು ಬಾಗ್ಸ್ 1976ರ ಜುಲೈನಲ್ಲಿ ಇದೆಲ್ಲವನ್ನೂ ಬರೆದು ಪ್ರಕಟಿಸಿದರು. ಆಗ ಪಾರ್ಕ್‌ನಲ್ಲಿ ಒಂದು ಕಿಲೋಮೀಟರ್ ಕೇಬಲ್ ಮೇಲೆ 100 ಯಂತ್ರಗಳು. 1977ರ ಡಿಸೆಂಬರ್‌ನಲ್ಲಿ ಪೇಟೆಂಟ್ ಬಂತು. ಅದರಲ್ಲಿ ನಾಲ್ವರ ಹೆಸರಿದೆ: ಮೆಟ್‌ಕಾಫ್, ಬಾಗ್ಸ್, ಥ್ಯಾಕರ್, ಲ್ಯಾಂಪ್ಸನ್.

ಇದು ಝೆರಾಕ್ಸ್ ಒಳಗೇ ಉಳಿದಿದ್ದರೆ ನಾನು ಇವತ್ತು ಇಲ್ಲಿ ನಿಂತು ಮಾತಾಡುತ್ತಿರಲಿಲ್ಲ. 1979ರಲ್ಲಿ ಮೆಟ್‌ಕಾಫ್ ಝೆರಾಕ್ಸ್ ಬಿಟ್ಟರು, ಅದೇ ವರ್ಷ ತ್ರೀಕಾಮ್ ಕಂಪನಿ ಕಟ್ಟಿದರು. ಡಿಜಿಟಲ್ ಇಕ್ವಿಪ್‌ಮೆಂಟ್, ಇಂಟೆಲ್, ಝೆರಾಕ್ಸ್ ಮೂರೂ ಒಟ್ಟಾಗುವಂತೆ ಓಡಾಡಿದವರಲ್ಲಿ ಅವರೂ ಒಬ್ಬರು. ಕಂಪ್ಯೂಟರ್ ಮಾರುವವರು ಒಬ್ಬರು, ಚಿಪ್ ಮಾಡುವವರು ಒಬ್ಬರು, ಪೇಟೆಂಟ್ ಇದ್ದವರು ಒಬ್ಬರು. 1980ರ ಸೆಪ್ಟೆಂಬರ್ 30ರಂದು ಮೂವರ ಹೆಸರಿನಲ್ಲಿ 10 ಮೆಗಾಬಿಟ್ ಈಥರ್ನೆಟ್‌ನ ವಿವರ ಪ್ರಕಟವಾಯಿತು. ನೀಲಿ ಹೊದಿಕೆಯ ಆ ದಾಖಲೆ ನೋಡಿಕೊಂಡು ಬೇರೆ ಯಾವ ಕಂಪನಿ ಬೇಕಾದರೂ ಈಥರ್ನೆಟ್ ಕಾರ್ಡ್ ಮಾಡಬಹುದಿತ್ತು. ಝೆರಾಕ್ಸ್ ಲೈಸೆನ್ಸ್‌ಗೆ ಕೇಳುತ್ತಿದ್ದದ್ದು 1000 ಡಾಲರ್ ಮಾತ್ರ. ಒಂದೇ ಕಾರ್ಡ್‌ಗೆ 950 ಡಾಲರ್ ಇದ್ದ ಕಾಲ ಅದು!

ಆ ದಾಖಲೆಯಲ್ಲಿ ನಮಗೆ ಹತ್ತಿರದ ಒಂದು ವಿಷಯ ಇದೆ. ಪಾರ್ಕ್‌ನ ಹಳೆಯ ಈಥರ್ನೆಟ್‌ನಲ್ಲಿ ವಿಳಾಸಕ್ಕೆ 8 ಬಿಟ್. ಒಂದು ತಂತಿಯಲ್ಲಿ 256 ವಿಳಾಸ, ಅಷ್ಟಕ್ಕೆ ಮುಗಿಯಿತು. ಹೊಸದರಲ್ಲಿ ಅದು 48 ಬಿಟ್ ಆಯಿತು. ಒಂದು ಕಟ್ಟಡದ ತಂತಿಗೆ 281 ಲಕ್ಷ ಕೋಟಿ ವಿಳಾಸ ಯಾಕೆ ಅಂತ ಕೇಳಬಹುದು. ಇದರ ಹಿಂದೆ ಇದ್ದವರಲ್ಲಿ ಯೋಗೇನ್ ದಲಾಲ್ ಮುಖ್ಯರು. ಐಐಟಿ ಬಾಂಬೆಯಲ್ಲಿ ಓದಿದವರು, ಸ್ಟ್ಯಾನ್‌ಫರ್ಡ್‌ನಲ್ಲಿ ವಿಂಟ್ ಸರ್ಫ್ ಬಳಿ ಸಂಶೋಧನೆ ಮಾಡಿ ಇಂಟರ್ನೆಟ್‌ಗೆ ಬುನಾದಿಯಾದ ಟಿಸಿಪಿ ನಿಯಮಗಳ 1974ರ ವಿವರಣೆಗೆ ಸಹಲೇಖಕರಾದವರು. ದಲಾಲ್ ಮತ್ತು ರಾಬರ್ಟ್ ಪ್ರಿಂಟಿಸ್ ವಾದ ಹೀಗಿತ್ತು: ವಿಳಾಸ ಇರಬೇಕಾದ್ದು ಯಂತ್ರಕ್ಕೆ, ತಂತಿಗಲ್ಲ. ಫ್ಯಾಕ್ಟರಿಯಲ್ಲೇ ಕೊಟ್ಟ ವಿಳಾಸ ಜಗತ್ತಿನಲ್ಲಿ ಇನ್ಯಾರಿಗೂ ಇರಬಾರದು. ಆಗ ಯಂತ್ರವನ್ನು ಯಾವ ತಂತಿಗೆ ಚುಚ್ಚಿದರೂ ನಡೆಯುತ್ತದೆ, ವಿಳಾಸ ಹಂಚುವ ಅಧಿಕಾರಿ ಬೇಕಾಗುವುದಿಲ್ಲ. ಡಿಕ್ಕಿಯ ವಿಷಯದಲ್ಲಿ ಮೆಟ್‌ಕಾಫ್ ತೆಗೆದುಹಾಕಿದ ಯಜಮಾನನನ್ನು ವಿಳಾಸದ ವಿಷಯದಲ್ಲಿ ಇವರು ತೆಗೆದುಹಾಕಿದರು.

ಆ ಕಾಲದ ಕೇಬಲ್ ನೋಡಿದವರು ಇಲ್ಲಿ ಇದ್ದೀರಾ? ಸುಮಾರು ಒಂದು ಸೆಂಟಿಮೀಟರ್ ದಪ್ಪದ ಕೊಆಕ್ಸಿಯಲ್ ಕೇಬಲ್, ಸಾಮಾನ್ಯವಾಗಿ ಹಳದಿ. ಬಗ್ಗಿಸುವುದೇ ಕಷ್ಟ. ಒಂದು ತುಂಡು 500 ಮೀಟರ್ ತನಕ, ಅದರ ಮೇಲೆ 100 ಯಂತ್ರ. ಪ್ರತಿ ಎರಡೂವರೆ ಮೀಟರಿಗೆ ಒಂದು ಕಪ್ಪು ಗುರುತು. ಕಂಪ್ಯೂಟರ್ ಜೋಡಿಸುವುದು ಆ ಗುರುತಿನ ಮೇಲೆ ಮಾತ್ರ, ಯಾಕಂದ್ರೆ ಪ್ರತಿ ಜೋಡಣೆಯಲ್ಲೂ ಸಂಕೇತ ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ, ಆ ಪುಟಿತಗಳೆಲ್ಲ ಒಟ್ಟುಗೂಡಿ ದೊಡ್ಡದಾಗಬಾರದು. ಜೋಡಿಸುವಾಗ ಕೇಬಲ್ ಕತ್ತರಿಸುತ್ತಿರಲಿಲ್ಲ. ಹೊದಿಕೆಗೆ ಸಣ್ಣ ತೂತು ಕೊರೆದು, ಒಂದು ಮೊಳೆ ಒಳಗಿನ ತಾಮ್ರ ಮುಟ್ಟುವಂತೆ, ಇನ್ನೆರಡು ಹಲ್ಲುಗಳು ಹೊರಗಿನ ಜಾಲರಿ ಕಚ್ಚುವಂತೆ ಬಿಗಿಯುತ್ತಿದ್ದರು. ಅದರ ಹೆಸರೇ ವ್ಯಾಂಪೈರ್ ಟ್ಯಾಪ್. ಉಳಿದ 99 ಯಂತ್ರಗಳು ಕೆಲಸ ಮಾಡುತ್ತಿರುವಾಗಲೇ ನೂರನೆಯದನ್ನು ಸೇರಿಸಬಹುದಿತ್ತು. ಕೈ ಸ್ವಲ್ಪ ತಪ್ಪಿ ತಾಮ್ರ ಮತ್ತು ಜಾಲರಿ ಒಂದಕ್ಕೊಂದು ತಾಗಿದರೆ ಮಾತ್ರ ಎಲ್ಲರದೂ ನಿಂತಿತು.

ನಂತರ ತೆಳು ಕೇಬಲ್ ಬಂತು. 90ರ ದಶಕದಲ್ಲಿ ನಮ್ಮ ಕಡೆಯ ಕಾಲೇಜು ಲ್ಯಾಬ್‌ಗಳಲ್ಲಿ ಓದಿದವರಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಪ್ರತಿ ಕಂಪ್ಯೂಟರಿನ ಬೆನ್ನಿಗೆ ಒಂದು ಟಿ ಆಕಾರದ ಕನೆಕ್ಟರ್, ಸಾಲಿನ ಎರಡೂ ಕೊನೆಗೆ ಸಂಕೇತ ಹಿಂದಕ್ಕೆ ಪುಟಿಯದಂತೆ ತಡೆಯುವ 50 ಓಮ್‌ನ ಟರ್ಮಿನೇಟರ್. ಮೂಲೆಯಲ್ಲಿ ಯಾರೋ ಒಬ್ಬರು ಆ ಟರ್ಮಿನೇಟರ್ ಕಿತ್ತರೆ ಇಡೀ ಲ್ಯಾಬ್ ಸ್ತಬ್ಧ. ಎಲ್ಲಿ ಕಿತ್ತಿದೆ ಅಂತ ಹುಡುಕುವುದು ಲ್ಯಾಬ್ ಸಹಾಯಕರ ಪಾಲಿಗೆ ಬಂದ ಕೆಲಸ. ನಮ್ಮ ದೇಶದ ವಿದ್ಯಾಸಂಸ್ಥೆಗಳನ್ನು ಬೆಸೆದ ಅರ್ನೆಟ್ ಯೋಜನೆ 1986ರಲ್ಲಿ ಶುರುವಾಯಿತು. ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು.

ಈಥರ್ನೆಟ್‌ಗೆ ಎದುರಾಳಿಗಳೂ ಇದ್ದರು. ದೊಡ್ಡವರು ಐಬಿಎಂ. 1985ರಲ್ಲಿ ಅವರು ಟೋಕನ್ ರಿಂಗ್ ತಂದರು. ಅದರಲ್ಲಿ ಡಿಕ್ಕಿ ಇಲ್ಲ, ಯಂತ್ರದಿಂದ ಯಂತ್ರಕ್ಕೆ ಸುತ್ತುವ ಟೋಕನ್ ಕೈಗೆ ಬಂದವರು ಮಾತಾಡುತ್ತಾರೆ. ನಿಮ್ಮ ಸರದಿ ಹೆಚ್ಚೆಂದರೆ ಎಷ್ಟು ಹೊತ್ತಿನಲ್ಲಿ ಬರುತ್ತದೆ ಅಂತ ಲೆಕ್ಕ ಹಾಕಿ ಹೇಳಬಹುದು. ಈಥರ್ನೆಟ್‌ನಲ್ಲಿ ಅಂಥ ಖಾತ್ರಿ ಇಲ್ಲ. ಜನ ಜಾಸ್ತಿಯಾದರೆ ಅದು ಡಿಕ್ಕಿಯಲ್ಲೇ ಮುಳುಗುತ್ತದೆ ಎಂದು ಹಲವರು ವಾದಿಸಿದರು. ಟೋಕನ್ ರಿಂಗ್ ಕೆಟ್ಟ ತಂತ್ರ ಅಂತ ನಾನು ಹೇಳುವುದಿಲ್ಲ, ಅದರ ಗಣಿತ ಸರಿಯಾಗಿತ್ತು. ಆದರೆ ಟೋಕನ್ ಕಳೆದುಹೋಗದಂತೆ ಕಾಯಲು, ಕಳೆದರೆ ಹೊಸದು ಹುಟ್ಟಿಸಲು ಜಾಸ್ತಿ ಬುದ್ಧಿ ಬೇಕು, ಜಾಸ್ತಿ ದುಡ್ಡೂ ಬೇಕು. ಇತ್ತ ಬಾಗ್ಸ್ 1988ರಲ್ಲಿ ಜೆಫ್ರಿ ಮೊಗಲ್, ಕ್ರಿಸ್ಟೋಫರ್ ಕೆಂಟ್ ಜೊತೆ ಸೇರಿ ನಿಜವಾದ ತಂತಿಯ ಮೇಲೆ ಅಳತೆ ಮಾಡಿ, ಹೊರೆ ಬಿದ್ದಾಗಲೂ ಈಥರ್ನೆಟ್ ಜನ ಹೆದರಿದ ಹಾಗೆ ಕುಸಿಯುವುದಿಲ್ಲ ಅಂತ ತೋರಿಸಿದರು.

1990ರಲ್ಲಿ ಎರಡು ಘಟನೆ ನಡೆದವು. ಟೆಲಿಫೋನ್‌ನಂಥ ತಿರುಚಿದ ಜೋಡಿ ತಂತಿಯ ಮೇಲೆ 10 ಮೆಗಾಬಿಟ್ ಈಥರ್ನೆಟ್ ನಡೆಸುವ ಮಾನದಂಡ ಬಂತು. ನಡುವೆ ಒಂದು ಹಬ್, ಅದರಿಂದ ಪ್ರತಿ ಮೇಜಿಗೂ ಬೇರೆ ಬೇರೆ ತಂತಿ. ಒಬ್ಬರದು ಕಿತ್ತರೆ ಒಬ್ಬರದೇ ನಿಲ್ಲುತ್ತದೆ. ಅದೇ ವರ್ಷ ಭಾರತ ಮೂಲದ ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಕಟ್ಟಿದ್ದ ಕಲ್ಪನಾ ಎಂಬ ಕಂಪನಿ ಏಳು ಪೋರ್ಟಿನ ಮೊದಲ ಈಥರ್ನೆಟ್ ಸ್ವಿಚ್ ಮಾರಿತು. ಹಬ್ ಬಂದದ್ದನ್ನೆಲ್ಲ ಎಲ್ಲರಿಗೂ ಹಂಚುತ್ತದೆ. ಸ್ವಿಚ್ ವಿಳಾಸ ನೋಡಿ, ಬೇಕಾದವರಿಗೆ ಮಾತ್ರ ಕೊಡುತ್ತದೆ. 1994ರಲ್ಲಿ ಸಿಸ್ಕೊ ಕಲ್ಪನಾವನ್ನು ಕೊಂಡಿತು.

ನನ್ನ ಮಾತು ಇಲ್ಲಿಗೆ ಮುಗಿಯಿತು. ಪ್ರಶ್ನೆಗಳಿದ್ದರೆ ಕೇಳಿ.

*ಸರ್, ಸ್ವಿಚ್ ಬಂದ ಮೇಲೆ ಡಿಕ್ಕಿಯೇ ಇಲ್ಲ. ಮತ್ತೆ ಅದನ್ನು ಈಥರ್ನೆಟ್ ಅಂತ ಯಾಕೆ ಕರೆಯಬೇಕು?*

ಒಳ್ಳೆಯ ಪ್ರಶ್ನೆ. ಈಗ ನಿಮ್ಮ ಕಂಪ್ಯೂಟರಿನಿಂದ ಸ್ವಿಚ್‌ಗೆ ಹೋಗುವುದೂ ಅಲ್ಲಿಂದ ಬರುವುದೂ ಒಂದಕ್ಕೊಂದು ಅಡ್ಡ ಬರದಂತೆ ಒಟ್ಟಿಗೇ ನಡೆಯುತ್ತದೆ. ಡಿಕ್ಕಿ ಆಗಲು ಸಾಧ್ಯವೇ ಇಲ್ಲ. 10 ಗಿಗಾಬಿಟ್ ಈಥರ್ನೆಟ್‌ನಲ್ಲಿ ಡಿಕ್ಕಿಯ ನಿಯಮಗಳನ್ನು ಕೈಬಿಟ್ಟೇಬಿಟ್ಟರು. ಉಳಿದದ್ದು ಫ್ರೇಮಿನ ಆಕಾರ ಮತ್ತು 48 ಬಿಟ್ ವಿಳಾಸ. ಕನಿಷ್ಠ 64 ಬೈಟ್ ಅನ್ನುವ ನಿಯಮವೂ ಹಾಗೇ ಇದೆ. ಹಳೆಯ ಯಂತ್ರದ ಫ್ರೇಮ್ ಹೊಸ ಸ್ವಿಚ್ ಒಳಗೆ ಬದಲಾವಣೆ ಇಲ್ಲದೆ ನಡೆಯುತ್ತದೆ. ತಂತಿಯ ನಿಯಮ ಹೋದರೂ ಹೆಸರು ಉಳಿದದ್ದು ಇದರಿಂದ. ಹೆಸರು ಸರಿಯಾಗಿಯೇ ಉಳಿದಿದೆ ಅನ್ನುವುದು ನನ್ನ ಅಭಿಪ್ರಾಯ.

*ವೈ-ಫೈನಲ್ಲೂ ಇದೇ ರೀತಿ ಡಿಕ್ಕಿ ಪತ್ತೆ ಮಾಡುತ್ತಾರಾ?*

ಇಲ್ಲ. ರೇಡಿಯೊದಲ್ಲಿ ನೀವು ಕಳಿಸುತ್ತಿರುವಾಗ ನಿಮ್ಮದೇ ಸಂಕೇತ ಎಷ್ಟು ಜೋರಾಗಿರುತ್ತದೆ ಅಂದರೆ ಬೇರೆಯವರದ್ದು ಕೇಳಿಸುವುದಿಲ್ಲ. ಹಾಗಾಗಿ ವೈ-ಫೈ ಡಿಕ್ಕಿ ಪತ್ತೆ ಮಾಡುವ ಬದಲು ತಪ್ಪಿಸಲು ನೋಡುತ್ತದೆ. ಈಥರ್ನೆಟ್‌ನಂತೆ ಮೊದಲು ಆಲಿಸುತ್ತದೆ, ಆಮೇಲೆ ಇನ್ನೊಂದಿಷ್ಟು ಯಾದೃಚ್ಛಿಕ ಹೊತ್ತು ಕಾದು ಕಳಿಸುತ್ತದೆ, 'ತಲುಪಿತು' ಅನ್ನುವ ಉತ್ತರಕ್ಕೆ ಕಾಯುತ್ತದೆ. ವಿಳಾಸ ಮಾತ್ರ ಈಥರ್ನೆಟ್‌ನದೇ, 48 ಬಿಟ್.

*ಹಾಗಾದರೆ ನನ್ನ ಫೋನಿನ ವಿಳಾಸ ನೋಡಿದರೆ ಯಾವ ಕಂಪನಿಯದು ಅಂತ ಗೊತ್ತಾಗುತ್ತಾ?*

ವಿಳಾಸದ ಮೊದಲ 24 ಬಿಟ್ ತಯಾರಕರಿಗೆ ಕೊಟ್ಟದ್ದು. 00-00-00ಯಿಂದ 00-00-09ರ ತನಕ ಇವತ್ತಿಗೂ ಝೆರಾಕ್ಸ್ ಹೆಸರಿನಲ್ಲೇ ಇದೆ. ಲ್ಯಾಪ್‌ಟಾಪಿನ ತಂತಿಯ ಪೋರ್ಟ್ ನೋಡಿದರೆ ಸಾಮಾನ್ಯವಾಗಿ ತಯಾರಕರು ತಿಳಿಯುತ್ತಾರೆ. ಫೋನ್ ವಿಷಯ ಬೇರೆ. ಒಂದೇ ವಿಳಾಸ ಎಲ್ಲೆಡೆ ಬಳಸಿದರೆ ನೀವು ಎಲ್ಲೆಲ್ಲಿ ಓಡಾಡಿದಿರಿ ಅಂತ ಬೇರೆಯವರು ಪತ್ತೆ ಹಚ್ಚಬಹುದು. ಅದಕ್ಕೆ ಈಗಿನ ಫೋನ್‌ಗಳು ಪ್ರತಿ ವೈ-ಫೈಗೂ ಒಂದೊಂದು ಹೊಸ ವಿಳಾಸ ತಾವೇ ಮಾಡಿಕೊಳ್ಳುತ್ತವೆ. ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ವಿವರ ತೆರೆದು ವಿಳಾಸ ನೋಡಿ. ಎರಡನೇ ಅಂಕೆ ಅಥವಾ ಅಕ್ಷರ 2, 6, A ಅಥವಾ E ಆಗಿದ್ದರೆ ಅದು ಫ್ಯಾಕ್ಟರಿಯಲ್ಲಿ ಕೊಟ್ಟದ್ದಲ್ಲ, ಫೋನ್ ತಾನೇ ಆರಿಸಿಕೊಂಡದ್ದು.